‘ಸೀನಿಯರ್ ಜಡ್ಜ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಾನ್‌ಸ್ಟನ್ಸ್ ಬೇಕರ್ ಮಾಟ್ಲಿ ಅವರ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಫೆಡರಲ್ (ಅಂದರೆ ರಾಜ್ಯದ್ದಲ್ಲ, ಕೇಂದ್ರದ ಕೋರ್ಟಿನ) ಜಡ್ಜ್ ಆದ ಮೊದಲ ಕಪ್ಪು ಮಹಿಳೆ ಅವರು. ವಕೀಲೆಯಾಗಿದ್ದಾಗ ಸುಪ್ರೀಂ ಕೋರ್ಟಿನಲ್ಲಿ 10 ಕೇಸು ವಾದಿಸಿ 9 ಗೆದ್ದವರು. ಕಪ್ಪು ವಿದ್ಯಾರ್ಥಿ ಜೇಮ್ಸ್ ಮೆರಿಡಿತ್‌ಗೆ ಮಿಸಿಸಿಪಿ ವಿಶ್ವವಿದ್ಯಾಲಯದಲ್ಲಿ ಸೀಟು ಕೊಡಿಸಲು ಹೋರಾಡಿದ್ದೂ ಅವರೇ. ಎರಡು ಪದಗಳ ಬಗ್ಗೆ ನಿಮ್ಮ ಅಭಿಪ್ರಾಯ ಬೇಕು.

ಮೊದಲನೆಯದು ‘ಡಿಸ್ಟ್ರಿಕ್ಟ್ ಜಡ್ಜ್’. ನಿಘಂಟು ಹಿಡಿದು ಹೋದರೆ ‘ಜಿಲ್ಲಾ ನ್ಯಾಯಾಧೀಶೆ’. ಆದರೆ ಹಾಗೆಂದ ತಕ್ಷಣ ನಮ್ಮ ಓದುಗರ ಕಣ್ಣ ಮುಂದೆ ಬರುವುದು ಹೈಕೋರ್ಟಿನ ಕೈಕೆಳಗೆ, ಊರಿಂದೂರಿಗೆ ವರ್ಗವಾಗುತ್ತಾ, 60ಕ್ಕೆ ನಿವೃತ್ತಿಯಾಗುವ ಅಧಿಕಾರಿ, ಅಲ್ವಾ? ಮಾಟ್ಲಿಯವರ ಹುದ್ದೆ ಹಾಗಿರಲಿಲ್ಲ. 1966ರ ಜನವರಿಯಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಈ ಹುದ್ದೆಗೆ ಮಾಟ್ಲಿಯವರ ಹೆಸರು ಸೂಚಿಸಿದರು, ಸೆನೆಟ್ ಒಪ್ಪುವಷ್ಟರಲ್ಲಿ ಆಗಸ್ಟ್ ಮುಗಿಯುತ್ತಾ ಬಂದಿತ್ತು. ಒಮ್ಮೆ ಒಪ್ಪಿಗೆ ಸಿಕ್ಕಿತೆಂದರೆ ವರ್ಗಾವಣೆಯ ಮಾತೇ ಇಲ್ಲ, ನಿವೃತ್ತಿಗೆ ವಯಸ್ಸಿನ ಗಡಿಯೂ ಇಲ್ಲ. ಅವರ ಕೋರ್ಟಿನ ‘ಡಿಸ್ಟ್ರಿಕ್ಟ್’ ಕೂಡ ಒಂದು ಜಿಲ್ಲೆಯಲ್ಲ, ನ್ಯೂಯಾರ್ಕಿನ ಮ್ಯಾನ್‌ಹಟನ್, ಬ್ರಾಂಕ್ಸ್ ಜೊತೆಗೆ ಇನ್ನೂ ಕೆಲವು ಕೌಂಟಿಗಳು ಅದಕ್ಕೆ ಸೇರುತ್ತವೆ. ‘ಕೆಳ ನ್ಯಾಯಾಲಯ’ ಅನ್ನುವುದಂತೂ ನನಗೆ ಸ್ವಲ್ಪವೂ ಇಷ್ಟವಿಲ್ಲ. ಯಾಂಕೀ ಸ್ಟೇಡಿಯಂ ಎಂಬ ಬೇಸ್‌ಬಾಲ್ ಮೈದಾನದಲ್ಲಿ ಆಟಗಾರರ ಲಾಕರ್ ರೂಮಿಗೆ ಗಂಡು ವರದಿಗಾರರನ್ನು ಬಿಟ್ಟು ಹೆಣ್ಣು ವರದಿಗಾರರನ್ನು ಮಾತ್ರ ತಡೆಯುವುದು ತಪ್ಪು ಎಂದು 1978ರಲ್ಲಿ ತೀರ್ಪು ಕೊಟ್ಟಿದ್ದು ಇದೇ ಕೋರ್ಟಿನಲ್ಲಿ, ಇವರೇ. ಹಾಗಾಗಿ ‘ಫೆಡರಲ್ ವಿಚಾರಣಾ ನ್ಯಾಯಾಲಯ’ ಅಂತ ಬರೆದಿದ್ದೇನೆ. ಸರಿಯೇ?

ಎರಡನೆಯದೇ ನಿಜವಾದ ತಲೆನೋವು. 1982ರಿಂದ ಅವರು ಆ ಕೋರ್ಟಿನ ಮುಖ್ಯ ನ್ಯಾಯಾಧೀಶೆಯಾಗಿದ್ದರು. 1986ರಲ್ಲಿ ‘ಸೀನಿಯರ್ ಜಡ್ಜ್’ ಆದರು. ಅಂದರೆ ಬಡ್ತಿಯಲ್ಲ! 65 ದಾಟಿ, ಸಾಕಷ್ಟು ವರ್ಷ ಸೇವೆ ಮಾಡಿದವರು ತಮ್ಮ ಸ್ಥಾನ ತೆರವು ಮಾಡಿಕೊಡಬಹುದು, ಅಲ್ಲಿಗೆ ಹೊಸಬರ ನೇಮಕ ಆಗುತ್ತದೆ, ಆದರೆ ಇವರು ಜಡ್ಜ್ ಆಗಿಯೇ ಉಳಿದು, ಬೇಕಿದ್ದರೆ ಕಡಿಮೆ ಕೇಸು ತೆಗೆದುಕೊಂಡು ಕೆಲಸ ಮುಂದುವರಿಸಬಹುದು. ಮಾಟ್ಲಿ 2005ರಲ್ಲಿ ತೀರಿಕೊಳ್ಳುವವರೆಗೂ ಸೀನಿಯರ್ ಜಡ್ಜ್ ಆಗಿಯೇ ಇದ್ದರು. ‘ನಿವೃತ್ತ’ ಎಂದರೆ ಸುಳ್ಳಾಗುತ್ತದೆ. ‘ಹಿರಿಯ ನ್ಯಾಯಾಧೀಶೆ’ ಎಂದರೆ ನಮ್ಮ ಹಿರಿಯ ಸಿವಿಲ್ ನ್ಯಾಯಾಧೀಶರ ಜೊತೆ ಕಲಸಿಹೋಗುತ್ತದೆ, ಅದು ಬೇರೆಯದೇ ದರ್ಜೆ. ‘ಗೌರವ ನ್ಯಾಯಾಧೀಶೆ’ ಎಂದರೆ ಸಂಬಳವಿಲ್ಲದೆ ಸುಮ್ನೆ ಹೆಸರಿಗೆ ಇದ್ದವರು ಅನ್ನಿಸುತ್ತದೆ.

ಸದ್ಯಕ್ಕೆ ‘ಸ್ಥಾನ ತೆರವು ಮಾಡಿ, ನ್ಯಾಯಾಧೀಶೆಯಾಗಿ ಮುಂದುವರಿದರು’ ಎಂದು ಬಿಡಿಸಿ ಹೇಳಿದ್ದೇನೆ. ವಾಕ್ಯದೊಳಗೆ ಇದು ನಡೆಯುತ್ತದೆ. ಆದರೆ ಲೇಖನದ ಪಕ್ಕದಲ್ಲಿ ಅವರ ಹುದ್ದೆಗಳ ಪಟ್ಟಿ ಬರುತ್ತದೆ, ಅಲ್ಲಿಗೆ ಒಂದೆರಡು ಪದದಲ್ಲಿ ಮುಗಿಯುವಂಥದ್ದು ಬೇಕು. ‘ಸೀನಿಯರ್ ಜಡ್ಜ್’ ಅಂತಲೇ ಕನ್ನಡ ಲಿಪಿಯಲ್ಲಿ ಇಟ್ಟುಬಿಡುವುದು ವಾಸಿ ಎಂದು ನನ್ನ ಮನಸ್ಸು ಹೇಳುತ್ತಿದೆ. ಕೋರ್ಟಿನ ಭಾಷಾಂತರದಲ್ಲಿ ಪಳಗಿದವರು ಯಾರಾದರೂ ಇದ್ದರೆ, ಇದಕ್ಕಿಂತ ಒಳ್ಳೆಯ ಪದ ನಿಮ್ಮ ಬಳಕೆಯಲ್ಲಿ ಇದೆಯೇ?