148 ಮಾರ್ಕಿನ ಮೈಸೂರ್‌ಪಾಕು

2025ರ ಮೆಡಿಕಲ್ ಪ್ರವೇಶ ಪರೀಕ್ಷೆ ನೀಟ್‌ನ ರಿಸಲ್ಟ್ ಬಂದ ಮರುದಿನ, ಭಾನುವಾರ. ಮುಂಬೈಯ ಮಾಟುಂಗಾದ ಉಡುಪಿ ಹೋಟೆಲಿನಲ್ಲಿ ನಮ್ಮ ಮಾಮೂಲಿ ಬೈಠಕ್. ಶೆಟ್ರು ಒದ್ದೆ ಕೊಡೆಯನ್ನು ಕುರ್ಚಿಗೆ ನೇತುಹಾಕಿ ಚೀಲದಿಂದ ಡಬ್ಬಿ ತೆಗೆದರು. ಮೈಸೂರ್‌ಪಾಕು!

"ತಂಗಿ ಮಗ ನೀಟ್ ಪಾಸ್ ಮಾರಾಯ್ರೆ! 148!"

"ಎಷ್ಟಕ್ಕೆ?" ಕುಲಕರ್ಣಿ ಕೇಳಬಾರದಿತ್ತು. ಕೇಳಿದ.

"720ಕ್ಕೆ." ಶೆಟ್ರ ದನಿ ಸ್ವಲ್ಪ ಇಳಿಯಿತು. "ಜನರಲ್ ಕಟ್‌ಆಫೇ 144. ನಮ್ಮವನದ್ದು 4 ಜಾಸ್ತಿ."

ಕುಲಕರ್ಣಿ ಟ್ಯೂಷನ್ ಮೇಷ್ಟ್ರು. ಬಿಲ್ಲಿನ ಹಿಂದೆ ಲೆಕ್ಕಕ್ಕಿಳಿದ. "180 ಪ್ರಶ್ನೆ, ಒಂದೊಂದಕ್ಕ 4 ಆಯ್ಕೆ. ಸರಿಗೆ 4, ತಪ್ಪಿಗೆ 1 ಕಟ್. ಕಣ್ಣು ಮುಚ್ಚಿ ಎಲ್ಲಾ 'ಬಿ' ಹಾಕಿದ್ರೂ ಹೆಚ್ಚುಕಡಿಮೆ 45 ಬರ್ತದ್ರಿ. ಅಂದ್ರ ನಿಮ್ಮ ಹುಡುಗನ ಸ್ವಂತ ಗಳಿಕೆ 103."

"ಆದ್ರೆ 50 ಪರ್ಸೆಂಟೈಲ್ ದಾಟಿದ್ದಾನಲ್ಲ!"

"ಅದು ಅರ್ಧ ಮಾರ್ಕ್ಸ್ ಅಲ್ಲ ಶೆಟ್ರೇ. ಬರೆದವರಲ್ಲಿ ಅರ್ಧ ಜನಕ್ಕಿಂತ ಮುಂದೆ, ಅಷ್ಟೇ. ಪಾಸಾದವರು 12 ಲಕ್ಷದ ಮೇಲೆ, ಎಂಬಿಬಿಎಸ್ ಸೀಟು 1.2 ಲಕ್ಷದ ಆಸುಪಾಸು. ಕ್ವಾಲಿಫೈ ಅಂದ್ರ ದಾದರ್ ಪ್ಲಾಟ್‌ಫಾರ್ಮಿಗೆ ಬಂದ್ಹಂಗ. ಫಾಸ್ಟ್ ಲೋಕಲಿನಾಗ ಸೀಟು ಬ್ಯಾರೆ ಮಾತು."

"ಮೂವರ ಬೆಂಚಿನ ತುದಿಯ ಫೋರ್ಥ್ ಸೀಟಾದ್ರೂ ಸಿಗಲಿಕ್ಕಿಲ್ವಾ?"

"ಫಸ್ಟ್ ಕ್ಲಾಸ್ ಪಾಸ್ ತಗೊಳ್ಳಿ. ಇಲ್ಲಿ, ಪುಣೆಯಾಗ ಡೀಮ್ಡ್, ಅಂದ್ರ ಯೂನಿವರ್ಸಿಟಿ ದರ್ಜೆಯ ಖಾಸಗಿ ಕಾಲೇಜು ಬೇಕಾದಷ್ಟವ. ಎಷ್ಟೋ ಕಡೆ ವರ್ಷಕ್ಕ 20 ಲಕ್ಷ ದಾಟ್ತದ. ಕಡಿಮೆ ಬಿದ್ದ ಮಾರ್ಕ್ಸನ್ನ ರೂಪಾಯಿಯಾಗ ತುಂಬೋದು."

ಶೆಟ್ರು ಎರಡು ಗುಟುಕು ಕಾಫಿ ಕುಡಿದರು. "ದುಬೈಯಲ್ಲಿ ನನ್ನ ಭಾವ ಇದ್ದಾನೆ. ಪರದೇಶದಲ್ಲಿರೋ ಭಾರತೀಯರಿಗೆ ಅಂತ ಇಟ್ಟ ಎನ್‌ಆರ್‌ಐ ಕೋಟಾ?"

ಇದು ನನಗೆ ಗೊತ್ತಿತ್ತು, ಬಿಡಲಿಲ್ಲ. ಪಂಜಾಬ್ ಸರಕಾರ ಈ ಕೋಟಾದೊಳಗೆ ದೂರದ ನೆಂಟರನ್ನೆಲ್ಲ ಸೇರಿಸಲು ಹೋಗಿ, 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಿಂದ ಬೈಸಿಕೊಂಡಿತ್ತು. ಇದು ಮೋಸ ಅಂತಲೇ ಕೋರ್ಟು ಹೇಳಿತು. ಮದುವೆಗೆ ಬಾರದ ಮಾವ ಸೀಟಿಗೆ ಮಾತ್ರ ಬಂದರೆ ಹೇಗೆ, ಅಲ್ವಾ?

"ರೂಲ್ಸ್ ಎಲ್ಲಾ ನಮ್ಮವನಿಗೇ!" ಶೆಟ್ರು ರೇಗಿದರು. "2023ರಲ್ಲಿ ಸೀಟು ಖಾಲಿ ಉಳೀತದೆ ಅಂತ ಸ್ಪೆಷಲಿಸ್ಟ್ ಡಾಕ್ಟರಾಗೋ ಪಿಜಿ ನೀಟ್ ಕಟ್‌ಆಫನ್ನು ಸೊನ್ನೆ ಪರ್ಸೆಂಟೈಲಿಗೆ ಇಳಿಸಲಿಲ್ವಾ?"

"ಸೊನ್ನೆ ಅಂದ್ರೆ?" ಇಷ್ಟು ಹೊತ್ತು ಸುಮ್ನಿದ್ದ ರಾಯರು ತಲೆ ಎತ್ತಿದರು.

"ಪರೀಕ್ಷೆಗೆ ಹೋಗಿ ಕೂತಿದ್ರೆ ಸಾಕು."

ರಾಯರು ಬಲ ಮಂಡಿಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡರು. ಮುಂದಿನ ತಿಂಗಳು ಅದಕ್ಕೆ ಆಪರೇಷನ್. "ಡಾಕ್ಟರು ಯಾವ ಬ್ಯಾಚು ಅಂತ ಕೇಳಬಹುದೇನಪ್ಪ?"

"ಅವರೆಲ್ಲ ಎಂಬಿಬಿಎಸ್ ಮುಗಿಸಿದವರೇ ರಾಯರೇ. ಒಳಗೆ ಹೋದ ಮೇಲೂ ಪರೀಕ್ಷೆ ಪಾಸಾಗಲೇಬೇಕು," ಅಂದರು ಶೆಟ್ರು. ಆ ಮಾತು ಸರಿಯೇ. ಕುಲಕರ್ಣಿಯೂ ತಕರಾರು ಮಾಡಲಿಲ್ಲ.

ಧೈರ್ಯ ಬಂದ ರಾಯರ ಕೈ ಮೂರನೇ ಮೈಸೂರ್‌ಪಾಕಿಗೆ ಹೋಯಿತು.

"ನಿಮಗೆ ಸಕ್ಕರೆ ಕಾಯಿಲೆ ಅಲ್ವಾ?" ಅಂದೆ.

"ಇನ್ನೇನು ಹೆದರಿಕೆ? ಶೆಟ್ರ ಮನೆಯಲ್ಲೇ ಡಾಕ್ಟರು ಬರ್ತಾ ಇದ್ದಾನಲ್ಲ."

ಶೆಟ್ರು ಪಟ್ಟನೆ ಡಬ್ಬಿಯ ಮುಚ್ಚಳ ಹಾಕಿದರು. "ಇನ್ನೂ ಸೀಟು ಸಿಕ್ಕಿಲ್ಲ ಮಾರಾಯ್ರೆ!"