ಹೆಂಚು ಮಾತ್ರ ಮಾರಬೇಡ ಪುಟ್ಟೀ

ಪುಟ್ಟೀ, ನಾನು ದೊಡ್ಡಮ್ಮ. ನೀನು ಬೆಳಿಗ್ಗೆ ನಮ್ಮ ಮನೆಯವರ ಗ್ರೂಪಿನಲ್ಲಿ ಹಾಕಿದ್ದನ್ನು ಈಗ ನೋಡಿದೆ. ನೋಡಿದೆ ಅಂದರೆ, ಕನ್ನಡಕ ಸಿಗಲಿಲ್ಲ, ನಿನ್ನ ಅತ್ತಿಗೆ ಓದಿ ಹೇಳಿದಳು. ಹಳೇ ಮನೆಯ ಮಾಡು, ಅದೇ ಚಾವಣಿ, ಪಡುವಣ ಮೂಲೆಯಲ್ಲಿ ಕುಗ್ಗಿದೆ. ಬಂದ ಕಂಟ್ರಾಕ್ಟರು ಹೆಂಚು ಇಳಿಸಿ ಕಲರ್ ಶೀಟ್ ಹಾಕೋಣ ಅನ್ನುತ್ತಾನೆ, ಇನ್ನೊಬ್ಬ ಮೋಲ್ಡ್, ಅಂದರೆ ಕಾಂಕ್ರೀಟ್ ತಾರಸಿ, ಹಾಕಿಸಿಬಿಡಿ ಅನ್ನುತ್ತಾನೆ, ಅಪ್ಪ ಏನೂ ಹೇಳುವುದಿಲ್ಲ, ಮಳೆಗೆ ಇನ್ನು ಎರಡೇ ತಿಂಗಳು, ಭಯ ಆಗುತ್ತಿದೆ ಅಂತ ಅಲ್ವಾ ನೀನು ಬರೆದದ್ದು? ನಿನ್ನ ಅಪ್ಪ ಮಾತಾಡದೇ ಇರುವುದು ಹೊಸದಲ್ಲ ಬಿಡು. ಅವನಿಗೆ ಹೆಣ್ಣು ನೋಡಲು ಹೋದಾಗಲೂ ಮಾತಾಡಲಿಲ್ಲ.

ಅಷ್ಟರಲ್ಲಿ ಹದಿನೆಂಟು ಜನ ಉತ್ತರ ಹಾಕಿ ಆಗಿದೆ. ದುಬೈ ಮಾಣಿ ‘ಹೆರಿಟೇಜ್, ಮುಟ್ಟಬೇಡಿ’ ಅಂತ ಬರೆದು ಹೆಂಚಿನ ಫೋಟೋ ಬೇರೆ ಹಾಕಿದ್ದಾನೆ. ಅದರ ಬೆನ್ನಿಗೆ 1865 ಅಂತ ಒತ್ತಿದೆಯಂತೆ, ನಮ್ಮ ಹೆಂಚಿಗೆ 160 ವರ್ಷ ಅಂತೆ. ಅಯ್ಯೋ ಮಾರಾಯ, 1865 ಅಂದರೆ ಬಾಸೆಲ್ ಮಿಷನ್‌ನ ಪಾದ್ರಿಗಳು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆಮೇಲೆ ಎಷ್ಟೋ ವರ್ಷ ಮಾಡಿದ ಹೆಂಚಿಗೂ ಅದನ್ನೇ ಒತ್ತಿದ್ದಾರೆ. ನಮ್ಮಲ್ಲಿಗೆ ಹೆಂಚು ಬಂದದ್ದು ಮಾವನವರ ಅಪ್ಪನ ಕಾಲದಲ್ಲಿ. ಅದಕ್ಕೂ ಮುಂಚೆ ಅಡಿಕೆ ಸೋಗೆ. ಹೆಂಚಿನ ನಡುನಡುವೆ ಹುಲ್ಲು ಇಟ್ಟು, ಗಾಡಿಯಲ್ಲಿ ಘಾಟಿ ಹತ್ತಿಸಿ ತಂದದ್ದು ಅಂತ ಮಾವ ಹೇಳುತ್ತಿದ್ದರು. ನೀವಿರುವ ಹಳೇ ಮನೆಗೂ ನಮ್ಮ ಕೆಳಗಿನ ಮನೆಗೂ ಒಂದೇ ಸಲ ತಂದ ಹೆಂಚು.

ಅದಕ್ಕೇ ಹೇಳುವುದು ಪುಟ್ಟೀ, ಶೀಟಾದರೂ ಹಾಕು, ಮೋಲ್ಡಾದರೂ ಹಾಕು, ಹೆಂಚು ಮಾತ್ರ ಮಾರಬೇಡ. ಇದನ್ನು ಬರೆದಿಟ್ಟುಕೋ.

ನಮ್ಮ ಕಥೆ ನಿನಗೆ ಗೊತ್ತಿಲ್ಲ, ನೀನು ಆಗ ಹುಟ್ಟಿರಲಿಲ್ಲ. 1998. ಆ ವರ್ಷ ಅಡಿಕೆಯಲ್ಲಿ ನಾಲ್ಕು ಕಾಸು ಕೈಗೆ ಬಂದಿತ್ತು. ನಿನ್ನ ದೊಡ್ಡಪ್ಪ ಶಿವಮೊಗ್ಗದಲ್ಲಿ ಯಾರದೋ ಗೃಹಪ್ರವೇಶಕ್ಕೆ ಹೋಗಿ ತಾರಸಿ ನೋಡಿ ಬಂದರು. ಬಂದವರೇ, ಇನ್ನು ವರ್ಷವರ್ಷ ಹೆಂಚು ಕೈಯಾಡಿಸುವ ರಗಳೆ ಸಾಕು, ಮಂಗ ಒಡೆಯುವುದೂ ಸಾಕು, ಮೋಲ್ಡ್ ಹಾಕಿಸೋಣ ಅಂದರು. ನನ್ನನ್ನು ಕೇಳಲಿಲ್ಲ. ಮಾಡು ಸೋರಿದರೆ ಕೆಳಗೆ ಪಾತ್ರೆ ಇಡುವವಳು ನಾನು, ಕೇಳಬೇಕಾಗಿತ್ತೋ ಇಲ್ಲವೋ? ಶಿವಮೊಗ್ಗದ ಮಳೆ ಯಾವುದು, ನಮ್ಮ ಮಳೆ ಯಾವುದು! ನಮ್ಮ ಕಡೆಯ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಸುರಿಯುತ್ತದೆ. ನಿನ್ನ ಬೆಂಗಳೂರಿಗೆ ಸುಮಾರು 1000. ಅಲ್ಲಿ ಚಪ್ಪಟೆ ತಾರಸಿ ಸರಿ, ಬಟ್ಟೆ ಒಣಗಿಸಬಹುದು. ಇಲ್ಲಿ ಕೆರೆ ಆಗುತ್ತದೆ.

ಆಯಿತು, ಹೆಂಚು ಇಳಿಸಿದರು. ಅಂಗಳದ ತುಂಬ ಪೇರಿಸಿದರು. ಎರಡನೇ ದಿನವೇ ಒಬ್ಬ ಲಾರಿ ತಂದ. ಹಳೇ ಹೆಂಚಲ್ವಾ ಅಮ್ಮಾ, ಒಂದಕ್ಕೆ ಒಂದೂವರೆ ರೂಪಾಯಿ ಅಂದ. 3000 ಹೆಂಚು, ನಾಲ್ಕೂವರೆ ಸಾವಿರ ರೂಪಾಯಿ. ದೊಡ್ಡಪ್ಪ ಲಾಭ ಆಯಿತು ಅಂತ ಖುಷಿಯಾಗಿ ಅವನಿಗೆ ಕಾಫಿ ಕೊಡಿಸಿದರು. ಕಾಫಿ ಮಾಡಿದವಳು ನಾನೇ.

ಮೊದಲ ಮಳೆಗಾಲ ಏನೂ ಇಲ್ಲ. ಎರಡನೆಯದರಲ್ಲಿ ಗೋಡೆಯ ಮೂಲೆ ಕಪ್ಪಾಯಿತು. ಮೇಸ್ತ್ರಿ ತಾರಸಿಗೆ ಸರಿಯಾಗಿ ವಾಟ, ಅಂದರೆ ಇಳಿಜಾರು, ಕೊಟ್ಟಿರಲಿಲ್ಲ. ನೀರು ನಿಂತು ಪಾಚಿ ಕಟ್ಟಿತು. ಮೂರನೇ ವರ್ಷ ಆಷಾಢದಲ್ಲಿ, ನಾನು ದೇವರ ಕೋಣೆಯಲ್ಲಿದ್ದೆ, ಉಗ್ರಾಣದಲ್ಲಿ ದಡಾರ್ ಅಂತ ಸದ್ದಾಯಿತು. ಹೋಗಿ ನೋಡಿದರೆ ಮೇಲಿನ ಗಾರೆ ಚಪ್ಪಡಿ ಚಪ್ಪಡಿಯಾಗಿ ಬಿದ್ದಿದೆ. ಒಳಗಿನ ಕಂಬಿ ಕೆಂಪಗೆ ತುಕ್ಕು. ನೀರು ಇಳಿದು ಕಂಬಿ ತುಕ್ಕು ಹಿಡಿದರೆ ಅದು ಉಬ್ಬುತ್ತದೆ, ಉಬ್ಬಿದಾಗ ಸಿಮೆಂಟನ್ನು ಒಡೆದು ದೂಡುತ್ತದೆ ಅಂತ ಆಮೇಲೆ ಬಂದ ಇಂಜಿನಿಯರ್ ಹೇಳಿದ. ಬಿದ್ದದ್ದು ಎಲ್ಲಿ? ನನ್ನ ಅಪ್ಪೆಮಿಡಿ ಭರಣಿಯ ಮೇಲೆ! ಆ ವರ್ಷದ ಇಡೀ ಮಿಡಿ, ಒಂದು ಮಿಡಿಯೂ ಉಳಿಯಲಿಲ್ಲ. ಮನುಷ್ಯರ ಮೇಲೆ ಬೀಳಲಿಲ್ಲವಲ್ಲ ಅಂತ ಎಲ್ಲರೂ ಸಮಾಧಾನ ಹೇಳಿದರು. ಸರಿಯೇ. ಆದರೂ ಭರಣಿ ನನ್ನ ತವರಿನದು.

ಡಾಂಬರು ಹಚ್ಚಿಸಿದರು, ಅದೇನೋ ಬಿಳಿ ಕೆಮಿಕಲ್ ಬಳಿಸಿದರು. ನಿಲ್ಲಲಿಲ್ಲ. ಕೊನೆಗೆ ತಾರಸಿಯ ಮೇಲೆ ಇನ್ನೊಂದು ಮಾಡು ಕಟ್ಟಿ ಹೆಂಚು ಹೊದಿಸೋಣ ಅಂದರು. ಹೆಂಚು ಎಲ್ಲಿದೆ? ಯಾವುದೋ ಮುರಿದ ಮನೆಯಿಂದ ಹಳೇ ಹೆಂಚು ತಂದರು. ಒಂದಕ್ಕೆ ಆರು ರೂಪಾಯಿ, ಸಾಗಾಟ ಬೇರೆ. ಮೇಲೆ ಹತ್ತಿಸಿ ನೋಡಿದರೆ ಒಂದಕ್ಕೊಂದು ಕೂರುವುದಿಲ್ಲ. ಎರಡು ಮೂರು ಕಾರ್ಖಾನೆಯದು ಬೆರಕೆಯಾಗಿತ್ತು. ಒಬ್ಬೊಬ್ಬರ ಅಚ್ಚು ಒಂದೊಂದು ಥರ, ಇದರ ಅಂಚು ಅದರ ತೋಡಿಗೆ ಹಿಡಿಯುವುದಿಲ್ಲ. ಕೂಲಿಯವರು ನಕ್ಕರು. ಆ ರಾಶಿ ಈಗಲೂ ಬಚ್ಚಲ ಹಿಂದೆ ಇದೆ. ಹೋದ ವರ್ಷ ಅದರೊಳಗೆ ನಾಗರಹಾವು ಮನೆ ಮಾಡಿಕೊಂಡಿತ್ತು.

ಆಮೇಲೆ ಶೀಟ್ ಹಾಕಿಸಿದ್ದು. ಅದೂ ಒಂದೇ ಮಳೆಗಾಲ. ಆರಿದ್ರಾ ಮಳೆಯ ಗಾಳಿಗೆ ಎರಡು ಶೀಟು ಎದ್ದು ಕೆಳಗಿನ ಗದ್ದೆಯಲ್ಲಿ ಬಿದ್ದವು. ಹೆಂಚು ಭಾರ, ಸಂದಿಯಲ್ಲಿ ಗಾಳಿ ಆಡುತ್ತದೆ, ಹಾಗೆಲ್ಲ ಏಳುವುದಿಲ್ಲ. ಶೀಟು ಹಗುರ, ಸೂರಿನ ಕೆಳಗೆ ಗಾಳಿ ನುಗ್ಗಿದರೆ ಎತ್ತಿಬಿಡುತ್ತದೆ. ಬಿಗಿಯಾಗಿ ಹಿಡಿದಿರಬೇಕು. ಹೀಗೆ ಒಂದು ಮನೆಗೆ ಮೂರು ಸಲ ಮಾಡಿನ ದುಡ್ಡು ಕೊಟ್ಟವರು ನಾವು. ನಾಲ್ಕೂವರೆ ಸಾವಿರದ ಲಾಭ ಇದು.

ಹಾಗಾಗಿ ಇನ್ನೊಂದು ಸಲ ಹೇಳುತ್ತೇನೆ. ಲಾರಿ ತಂದವನಿಗೆ ಕಾಫಿ ಕೊಡು, ತಿಂಡಿ ಕೊಡು, ಹೆಂಚು ಕೊಡಬೇಡ.

ಮರದ ಕಥೆಯನ್ನೂ ಹೇಳಿಬಿಡುತ್ತೇನೆ, ಹೇಗೂ ನನ್ನ ಮೈದುನರೂ ಈ ಗ್ರೂಪಿನಲ್ಲೇ ಇದ್ದಾರೆ, ಕೇಳಲಿ. ಮಾಡು ಬಿಚ್ಚಿದಾಗ ನಡುಮನೆಯ ಹಲಸಿನ ತೊಲೆ ಇಳಿಯಿತಲ್ಲ, ಅರಿಸಿನದ ಬಣ್ಣ, ಒಂದು ಹುಳು ತಿಂದಿರಲಿಲ್ಲ. ಶಿವಮೊಗ್ಗದ ಮೈದುನ ಬಂದವರು ‘ಅತ್ತಿಗೆ, ಅಂಗಳದಲ್ಲಿ ನೆನೆಯುತ್ತದೆ, ನಮ್ಮಲ್ಲಿ ಇಟ್ಟಿರುತ್ತೇನೆ’ ಅಂತ ಟೆಂಪೋದಲ್ಲಿ ಹಾಕಿಕೊಂಡು ಹೋದರು. ಇಟ್ಟಿದ್ದಾರೆ, ಇಲ್ಲ ಅನ್ನುವುದಿಲ್ಲ. ಉಯ್ಯಾಲೆ ಮಾಡಿ ಹಾಲಿನಲ್ಲಿ ನೇತು ಹಾಕಿದ್ದಾರೆ! ನೀವೆಲ್ಲ ದೀಪಾವಳಿಗೆ ಹೋಗಿ ಅದರ ಮೇಲೆ ಕೂತು ಫೋಟೋ ತೆಗೆಸಿ ಇಲ್ಲಿ ಹಾಕುತ್ತೀರಿ. ‘ಚಿಕ್ಕಪ್ಪ, ಎಲ್ಲಿ ಮಾಡಿಸಿದ್ದು, ಸೂಪರ್’ ಅಂತ ಕೇಳುತ್ತೀರಿ. ಅವರು ‘ಹಳೇ ಮರ ಸಿಕ್ಕಿತು’ ಅನ್ನುತ್ತಾರೆ. ಸಿಕ್ಕಿತಂತೆ! ದಾರಿಯಲ್ಲಿ ಸಿಕ್ಕಿತಾ? ಇಪ್ಪತ್ತೇಳು ವರ್ಷ ಸುಮ್ನೆ ಇದ್ದೇನೆ. ನನಗೆ ಉಯ್ಯಾಲೆ ಬೇಡ, ಈ ವಯಸ್ಸಿಗೆ ತಲೆ ತಿರುಗುತ್ತದೆ. ಅತ್ತಿಗೆ ಮನೆಯ ತೊಲೆ ಅಂತ ಒಂದು ಸಲ ಬಾಯಲ್ಲಿ ಬರಬಾರದಾ? ನಾನು ಹೋದಾಗ ಪ್ಲಾಸ್ಟಿಕ್ ಕುರ್ಚಿ ಹಾಕುತ್ತಾರೆ.

ಇರು, ಹಾಲು ಉಕ್ಕಿತು ಅಂತ ಕಾಣುತ್ತದೆ.

ಇಲ್ಲ, ಉಕ್ಕಿಲ್ಲ. ಎಲ್ಲಿದ್ದೆ? ಹಾಂ, ನಿನ್ನ ಮಾಡು. ಮುಖ್ಯ ವಿಷಯವೇ ಮರೆತಿದ್ದೆ ನೋಡು.

ಮಾಡು ಕುಗ್ಗಿದೆ ಅಂದೆಯಲ್ಲ, ಅದು ಹೆಂಚಿನ ತಪ್ಪಲ್ಲ, ಕೆಳಗಿನ ಮರದ್ದು. ಕಂಟ್ರಾಕ್ಟರ ಹತ್ತಿರ ಆಮೇಲೆ ಮಾತಾಡು, ಮೊದಲು ಆಚಾರಿಯನ್ನು ಕರೆಸು. ಅಟ್ಟಕ್ಕೆ ಹತ್ತಿ ಪಕಾಸಿಗಳನ್ನು, ಅಂದರೆ ಹೆಂಚು ಹೊರುವ ಇಳಿಜಾರು ಮರಗಳನ್ನು, ಒಂದೊಂದಾಗಿ ಉಳಿಯ ಮೊನೆಯಿಂದ ಚುಚ್ಚಿ ನೋಡಲಿ. ನಡುವೆ ಅಲ್ಲ, ಗೋಡೆಯ ಮೇಲೆ ಕೂತಿರುವ ಜಾಗದಲ್ಲಿ, ಮತ್ತೆ ಸೂರಿನ ತುದಿಯಲ್ಲಿ. ಮರ ಕೊಳೆತು ಕುಂಬಾಗುವುದು ಅಲ್ಲೇ. ಪಡುವಣ ಗಾಳಿ ಮಳೆ ಹೊಡೆಯುವ ಮೂಲೆ ತಾನೇ, ಐದಾರು ಪಕಾಸಿ, ಅದರ ಮೇಲಿನ ಸ್ವಲ್ಪ ರೀಪು ಪಟ್ಟಿ ಹೋಗಿರಬಹುದು. ಅಷ್ಟೇ ಆದರೆ ಅಷ್ಟನ್ನೇ ಬದಲಿಸು. ಇಡೀ ಮಾಡು ಯಾಕೆ ಬಿಚ್ಚಬೇಕು? ಒಲೆ ಇದ್ದಾಗ ಹೊಗೆ ತಾಗಿ ಮರಕ್ಕೆ ಹುಳು ಬರುತ್ತಿರಲಿಲ್ಲ, ಗ್ಯಾಸ್ ಬಂದ ಮೇಲೆ ವರ್ಷಕ್ಕೊಮ್ಮೆ ಮೇಲೆ ಹತ್ತಿ ನೋಡಲೇಬೇಕು. ನಿಮ್ಮಲ್ಲಿ ಯಾರೂ ಹತ್ತಿರಲಿಕ್ಕಿಲ್ಲ.

ಇಡೀ ಮರವೇ ಹೋಗಿದ್ದರೆ, ಈಗ ಮರಕ್ಕೆ ಕೈ ಹಾಕುವ ಹಾಗಿಲ್ಲ, ಕಬ್ಬಿಣದ ಚೌಕ ಪೈಪಿನ ಪಕಾಸಿ ಹಾಕಿಸಿ ಅದರ ಮೇಲೆ ಇದೇ ಹೆಂಚು ಹೊದಿಸು. ಮೇಲಿನ ಮನೆಯವರು ಹಾಗೇ ಮಾಡಿಸಿದ್ದಾರೆ, ಚೆನ್ನಾಗಿದೆ. ಪೈಪು ತೆಳ್ಳಗಿನದು ಬೇಡ. ಒಂದು ಚದರಕ್ಕೆ, ಅಂದರೆ ನೂರು ಚದರ ಅಡಿಗೆ, 140ರಿಂದ 150 ಹೆಂಚು, ಒಂದೊಂದು ಎರಡೂವರೆ ಕೆ.ಜಿ. ಮೇಲೆ, ನೆನೆದರೆ ಇನ್ನೂ ಭಾರ. ಲೆಕ್ಕ ಹಾಕಿಕೋ. ಈಗಿನ ವಾಟ ಕಡಿಮೆ ಮಾಡಲು ಬಿಡಬೇಡ, ಮಾಡು ತಗ್ಗಿಸಿದರೆ ಪೈಪು ಉಳಿಯುತ್ತದೆ ಅಂತ ಅವರು ಹೇಳಿಯೇ ಹೇಳುತ್ತಾರೆ. ವಾಟ ಕಡಿಮೆಯಾದರೆ ನೀರು ಹಿಂದಕ್ಕೆ ಸರಿದು ಹೆಂಚಿನ ಸಂದಿಯಿಂದ ಒಳಗೆ ಬರುತ್ತದೆ.

ಇಳಿಸಿದ ಹೆಂಚನ್ನು ಮಲಗಿಸಬೇಡಿ, ನಿಲ್ಲಿಸಿ ಜೋಡಿಸಿ. ಒಂದೊಂದನ್ನೂ ಬೆರಳಲ್ಲಿ ತಟ್ಟಿ ನೋಡಬೇಕು. ಠಣ್ ಅಂದರೆ ಸರಿ, ದಬ್ ಅಂದರೆ ಸೀಳಿದೆ ಅಂತ ಅರ್ಥ. ಕಡಿಮೆ ಬಿದ್ದದ್ದಕ್ಕೆ ಹೊಸದು ತರಲು ಹೋಗುವಾಗ ನಮ್ಮದು ನಾಲ್ಕು ಕಾರಿನಲ್ಲಿ ಹಾಕಿಕೊಂಡು ಹೋಗು, ಅಲ್ಲೇ ನೆಲದ ಮೇಲೆ ಜೋಡಿಸಿ ನೋಡು. ಹಿಡಿಯದಿದ್ದರೆ ಅದನ್ನು ಒಂದು ಪಕ್ಕಕ್ಕೆ ಬೇರೆಯಾಗಿಯೇ ಹಾಕಿಸು, ಬೆರಕೆ ಮಾಡಿಸಬೇಡ.

ಶೀಟು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮಂಗನ ಕಾಟ ನನಗೂ ಗೊತ್ತು. ಕೊಟ್ಟಿಗೆಗೆ, ಬಚ್ಚಲಿಗೆ ಹಾಕಿಸು. ಅರ್ಧ ಮಿಲಿಮೀಟರ್ ದಪ್ಪ ಇರಲಿ. ಸ್ಕ್ರೂ ಉಬ್ಬಿನ ಮೇಲೆ ಹೊಡೆಯಲಿ, ನೀರು ಹರಿಯುವ ತಗ್ಗಿನಲ್ಲಿ ಬೇಡ, ರಬ್ಬರ್ ವಾಷರ್ ಬಿಟ್ಟು ಒಂದೂ ಹಾಕಬಾರದು. ಮಲಗುವ ಮನೆಗೆ ಮಾತ್ರ ಬೇಡ ಮಾರಾಯ್ತಿ. ಬೇಸಿಗೆಯಲ್ಲಿ ಕಾದ ದೋಸೆ ಕಾವಲಿ, ಮಳೆಯಲ್ಲಿ ಪಕ್ಕದವರು ಮಾತಾಡಿದ್ದೂ ಕೇಳಿಸುವುದಿಲ್ಲ. ನಿನ್ನ ಅಪ್ಪನಿಗೆ ಅದು ಅನುಕೂಲವೇ ಇರಬಹುದು. ಹಳೇ ಕೊಟ್ಟಿಗೆಯ ಸಿಮೆಂಟ್ ಶೀಟ್ ಇದೆಯಲ್ಲ, ಅದನ್ನು ಒಡೆದು ಪುಡಿ ಮಾಡಿಸಬೇಡ, ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಆ ಧೂಳು ಶ್ವಾಸಕೋಶಕ್ಕೆ ಬಹಳ ಕೆಟ್ಟದ್ದು. ನೀರು ಹಾಕಿ, ಇಡಿ ಇಡಿಯಾಗಿ ಇಳಿಸಲಿ.

ಮಾಡನ್ನು ಅರ್ಧರ್ಧವಾಗಿ ಬಿಚ್ಚಿ ಕೆಲಸ ಮಾಡಿಸು. ಜೂನ್ 8ರ ಹೊತ್ತಿಗೆ ಮೃಗಶಿರ ಮಳೆ. ಆದರೆ ಅದಕ್ಕೂ ಮುಂಚೆ ಕೃತ್ತಿಕೆ, ರೋಹಿಣಿ ಸಂಜೆ ಗುಡುಗಿಕೊಂಡು ಬಂದೇ ಬರುತ್ತವೆ. ಟಾರ್ಪಾಲು ಮೊದಲೇ ತಂದಿಟ್ಟುಕೋ.

ಕಂಟ್ರಾಕ್ಟರಿಗೆ ಮುಂಗಡ ಕೊಟ್ಟಾಯಿತಾ? ಕೊಟ್ಟಿದ್ದರೆ ಎಷ್ಟು ಅಂತ ಇಲ್ಲಿ ಹಾಕಬೇಡ, ನನಗೆ ಫೋನು ಮಾಡು. ಮತ್ತೆ ಆ ಮೂಲೆಯ ಫೋಟೋ ಕಳಿಸು. ಅಂಗಳದಿಂದ ತೆಗೆದದ್ದಲ್ಲ, ಅಟ್ಟ ಹತ್ತಿ ಒಳಗಿನಿಂದ ತೆಗೆದದ್ದು. ಟಾರ್ಚ್ ಹಿಡಿಯಲು ಅಪ್ಪನನ್ನು ಕರೆದುಕೋ.