ಬಟ್ಟೆ ಡೈಪರ್ ಅರ್ಧ ಗಂಟೆಗೇ ಸೋರುತ್ತಿದೆ, ಬೇರೆ ಯಾವುದು ತರಲಿ?

ನಿದ್ದೆಗೆಟ್ಟವಳು
ತಲೆ ಕೆಟ್ಟುಹೋಗಿದೆ. ಪಾಪು ಹುಟ್ಟುವ ಮುಂಚೆನೇ ಎಲ್ಲಾ ಓದಿ, ಕೇಳಿ, 12 ಬಟ್ಟೆ ಡೈಪರ್ ತಂದಿಟ್ಟುಕೊಂಡಿದ್ದೆ. ಒಂದೂ ತಡೆಯುತ್ತಿಲ್ಲ. ಹಾಕಿದ ಅರ್ಧ ಗಂಟೆಗೆ ತೊಡೆ ಪಕ್ಕದಿಂದ ಸೋರಿ ಅವನ ಅಂಗಿ, ಹಾಸಿಗೆ, ನನ್ನ ಮಡಿಲು ಎಲ್ಲಾ ಒದ್ದೆ. ಎಳೆದು ಬಿಗಿಯಾಗಿ ಹಾಕಿದರೂ ಅಷ್ಟೇ. ಪ್ಯಾಕೆಟ್ ಮೇಲೆ ‘ಹುಟ್ಟಿದ ದಿನದಿಂದ’ ಅಂತ ದಪ್ಪ ಅಕ್ಷರದಲ್ಲಿ ಬರೆದಿದೆ. ಇವನ್ನೆಲ್ಲಾ ಪಕ್ಕಕ್ಕಿಟ್ಟು ಬೇರೆ ತರಬೇಕಾ? ತರುವುದಾದರೆ ಯಾವುದು? ಬಿಸಾಡುವ ಡೈಪರ್ ಹಾಕಿ ಅಂತ ಮಾತ್ರ ಹೇಳಬೇಡಿ. ಅದನ್ನು ಹೇಳೋಕೆ ಮನೆಯಲ್ಲೇ ಜನ ಇದ್ದಾರೆ.

ಸೋಪುನೀರು
ನೀವು ಸರಿಯಾಗಿ ಒಗೆದಿಲ್ಲ. ಹೊಸ ಕಾಟನ್‌ನಲ್ಲಿ ಹತ್ತಿಯದೇ ಜಿಡ್ಡು ಇರುತ್ತದೆ. ನೀರು ಒಳಗೆ ಇಳಿಯುವುದಿಲ್ಲ, ಮೇಲೇ ಜಾರುತ್ತದೆ. ಐದಾರು ಸಲ ಒಗೆದು ಒಣಗಿಸಿದ ಮೇಲೇ ಅದು ಹೀರೋಕೆ ಶುರು ಮಾಡುವುದು.

ನಿದ್ದೆಗೆಟ್ಟವಳು
ಒಗೆದಿದ್ದೀನಿ.

ಸೋಪುನೀರು
ಎಷ್ಟು ಸಲ?

ಅವಳಿಅಪ್ಪ
ತಡೀರಿ, ಯಾವ ಥರದ್ದು ಅಂತಾನೇ ಅವರು ಹೇಳಿಲ್ಲ. ಚೀಲದಂಥ ಸಂದಿಯೊಳಗೆ ಪ್ಯಾಡ್ ತೂರಿಸುವ ಪಾಕೆಟ್‌ದಾ, ಕವರ್ ಒಳಗೆ ಬಟ್ಟೆ ಮಡಿಸಿ ಇಡುವುದಾ, ಎಲ್ಲಾ ಸೇರಿಸಿ ಹೊಲೆದಿರುವುದಾ? ಪ್ಯಾಡ್ ಮೈಕ್ರೋಫೈಬರ್, ಅಂದರೆ ಸಿಂಥೆಟಿಕ್ ಎಳೆಯದ್ದು ಆಗಿದ್ದರೆ ಅದರ ಕಥೆನೇ ಬೇರೆ. ಬೇಗ ಹೀರುತ್ತದೆ, ಒತ್ತಿದರೆ ಅಷ್ಟೇ ಬೇಗ ಬಿಡುತ್ತದೆ, ಸ್ಪಂಜ್ ಹಿಂಡಿದ ಹಾಗೆ. ಇನ್ನೊಂದು, ಮೈಕ್ರೋಫೈಬರನ್ನು ಪಾಕೆಟ್ ಒಳಗೇ ಇಡಿ, ನೇರ ಮೈಗೆ ತಾಗಿಸಬೇಡಿ. ಚರ್ಮ ಒಣಗಿ ಕೆಂಪಾಗುತ್ತದೆ.

ನಿದ್ದೆಗೆಟ್ಟವಳು
ಪಾಕೆಟ್. ಎಲ್ಲರೂ ಬಳಸುವುದು ಅದೇ ಅಲ್ವಾ, ಅದಕ್ಕೇ ಬರೆಯಲಿಲ್ಲ. ಜೊತೆಗೆ ಬಂದ ಪ್ಯಾಡ್ ಬೂದು ಬಣ್ಣದ್ದು, ಬಿದಿರು ಅಂತಿದೆ. ಒಂದು ಸಲ ಒಗೆದೆ. ಮೆತ್ತಗಿರಲಿ ಅಂತ ಸಾಫ್ಟ್‌ನರ್ ಹಾಕಿದ್ದೆ.

ಸೋಪುನೀರು
ಸಾಫ್ಟ್‌ನರ್!! ಮೊದಲೇ ಹೇಳಬಾರದಾ? ಅದು ಎಳೆಗಳ ಮೇಲೆ ಪದರ ಕಟ್ಟುತ್ತದೆ, ಆಮೇಲೆ ನೀರು ಹಿಡಿಯುವುದಿಲ್ಲ. ರ‍್ಯಾಶ್‌ಗೆ ಹಚ್ಚುವ ಜಿಡ್ಡಿನ ಕ್ರೀಮ್‌ದೂ ಇದೇ ಗೋಳು. ಸಾಫ್ಟ್‌ನರ್ ಬಿಟ್ಟು ಬಿಸಿನೀರಲ್ಲಿ ಐದು ಸಲ ಒಗೆಯಿರಿ, ಸರಿ ಹೋಗುತ್ತದೆ. ಬೇರೆ ಏನೂ ಕೊಳ್ಳಬೇಡಿ.

ಅವಳಿಅಪ್ಪ
ಬೂದು ಬಣ್ಣದ ‘ಬಿದಿರು ಇದ್ದಿಲು’ ಪ್ಯಾಡ್ ಬಹಳಷ್ಟು ಒಳಗೆ ಮೈಕ್ರೋಫೈಬರೇ. ಮೇಲಿನ ಪದರ ಮಾತ್ರ ಬೂದು. ಅದರಲ್ಲಿ ಹತ್ತಿ ಎಲ್ಲಿ ಬಂತು, ಜಿಡ್ಡು ಎಲ್ಲಿ ಬಂತು ಸ್ವಾಮಿ? ಅದಕ್ಕೆ ಒಂದು ಒಗೆತ ಸಾಕು. ಸುಮ್ನೆ ಬಾಣಂತಿಗೆ ಐದು ಸಲ ಒಗೆಯೋಕೆ ಹಚ್ಚುತ್ತಿದ್ದೀರಿ.

ಸೋಪುನೀರು
ಸಾಫ್ಟ್‌ನರ್ ಬಗ್ಗೆ ಹೇಳಿದ್ದು ಕಾಣಲಿಲ್ವಾ ನಿಮಗೆ? ಮೇಡಂ, ಒಂದು ಚಮಚ ನೀರು ಪ್ಯಾಡ್ ಮೇಲೆ ಸುರಿದು ನೋಡಿ. ಹನಿ ಹನಿಯಾಗಿ ನಿಂತರೆ ನನ್ನ ಮಾತು ಸರಿ.

ಟಿಚ್‌ಬಟನ್
ಬಟನ್‌ದಾ, ವೆಲ್ಕ್ರೋದಾ? ವೆಲ್ಕ್ರೋ ಆಗಿದ್ದರೆ ಅದೇ ಕಾರಣ. ಒಗೆದಾಗ ದಾರ, ಕೂದಲು ಎಲ್ಲಾ ಅಂಟಿಕೊಂಡು ಹಿಡಿತ ಹೋಗುತ್ತದೆ. ನಾನಂತೂ ಬಟನ್ ಬಿಟ್ಟು ಬೇರೆ ಮುಟ್ಟುವುದಿಲ್ಲ.

ಅವಳಿಅಪ್ಪ
ಎಳೆಗೂಸಿಗೆ ವೆಲ್ಕ್ರೋನೇ ವಾಸಿ. ಬಟನ್ ಎರಡರ ನಡುವೆ ಸೊಂಟ ಬಂದರೆ ಒಂದು ಸಡಿಲ, ಇನ್ನೊಂದು ಬಿಗಿ. ವೆಲ್ಕ್ರೋ ಬೇಕಾದಲ್ಲಿ ನಿಲ್ಲುತ್ತದೆ. ಒಗೆಯುವ ಮುಂಚೆ ಅದರ ಪಟ್ಟಿಯನ್ನು ಒಳಗೆ ಮಡಿಸಿ ಅಂಟಿಸಿದರೆ ದಾರ ಹಿಡಿಯುವುದಿಲ್ಲ. ಎರಡು ಮಕ್ಕಳಿಗೆ ಒಟ್ಟಿಗೆ ಹಾಕಿ ನೋಡಿ, ಆಗ ಗೊತ್ತಾಗುತ್ತದೆ.

ಟಿಚ್‌ಬಟನ್
ಒಂಬತ್ತು ತಿಂಗಳಿಗೆ ಮಗು ತಾನೇ ಕಿತ್ತು ಎಸೆದಾಗಲೂ ಗೊತ್ತಾಗುತ್ತದೆ.

ಬಿಸಿಲುಹಗ್ಗ
ಈ ಜಗಳ ನಮ್ಮ ಮನೆಯಲ್ಲಿಲ್ಲ, ಎರಡೂ ಇಟ್ಟಿದ್ದೀನಿ. ಈಗ ಒಟ್ಟು 46 ಕವರ್. ಬಣ್ಣದ ಪ್ರಕಾರ ಹಗ್ಗಕ್ಕೆ ಹಾಕುತ್ತೇನೆ, ತಿಳಿಯಿಂದ ಗಾಢಕ್ಕೆ. ಪ್ಯಾಡ್ ಬಿಸಿಲಿಗೆ, ಕವರ್ ನೆರಳಿಗೆ. ಕವರಿನಲ್ಲಿ ನೀರು ತಡೆಯುವ ಪಿಯುಎಲ್ ಪದರ ಬಿಸಿಗೆ ಬಿರುಕು ಬಿಡಬಾರದಲ್ಲ. ಕಕ್ಕದ ಹಳದಿ ಕಲೆಗೆ ಮಾತ್ರ ಬಿಸಿಲಿನಂಥದ್ದು ಇನ್ನೊಂದಿಲ್ಲ, ಒದ್ದೆ ಇರುವಾಗಲೇ ಹರವಿದರೆ ಸಂಜೆಗೆ ಮಾಯ.

ನಿದ್ದೆಗೆಟ್ಟವಳು
46 ಬೇಡ ನನಗೆ, ಸೋರದ ಒಂದು ಸಾಕು.
ನೀರು ಹಾಕಿ ನೋಡಿದೆ. ತಕ್ಷಣ ಹೀರಿತು.

ಸೋಪುನೀರು
ತಣ್ಣೀರು ಹಾಕಿರುತ್ತೀರಿ. ಉಚ್ಚೆ ಬೆಚ್ಚಗಿರುತ್ತದೆ. ಬೆಚ್ಚನೆ ನೀರು ಹಾಕಿ ನೋಡಿ.

ಅವಳಿಅಪ್ಪ
ಅಯ್ಯೋ ದೇವರೇ.

ಮೂರನೇಬಾಣಂತನ
ಯಾರೂ ಕೇಳಲಿಲ್ಲವಲ್ಲ. ಮಗುವಿನ ತೂಕ ಎಷ್ಟಮ್ಮಾ? ಸೋರಿದಾಗ ಡೈಪರ್ ಬಿಚ್ಚಿ ಪ್ಯಾಡ್ ಮುಟ್ಟಿ ನೋಡಿದ್ದೀಯಾ, ಪೂರ್ತಿ ಒದ್ದೆ ಇರುತ್ತದಾ?

ನಿದ್ದೆಗೆಟ್ಟವಳು
ಇಲ್ಲ ಅಕ್ಕಾ, ನಡುವೆ ಒಂದು ಅಂಗೈ ಅಗಲ ಒದ್ದೆ, ಹಿಂದೆ ಮುಂದೆ ಎಲ್ಲಾ ಒಣಗೇ ಇರುತ್ತದೆ. ತೂಕ 2.8 ಕೆಜಿ. ಇವತ್ತಿಗೆ 18 ದಿನ.

ಮೂರನೇಬಾಣಂತನ
ಅಲ್ಲೇ ಇದೆ ನೋಡು. ಪ್ಯಾಡ್ ಪೂರ್ತಿ ನೆಂದು ಸೋರಿದರೆ ಹೀರುವ ಬಟ್ಟೆ ಸಾಲುತ್ತಿಲ್ಲ ಅಂತ. ಪ್ಯಾಡ್ ಒಣಗಿದ್ದೂ ಸೋರಿದರೆ ಅಳತೆ ಕೂತಿಲ್ಲ. ನಿನ್ನದರ ಹಾಗೆ ಬಟನ್‌ನಿಂದ ಚಿಕ್ಕದು ದೊಡ್ಡದು ಮಾಡುವ ‘ಒಂದೇ ಅಳತೆ’ ಡೈಪರ್ ಏನೇ ಬರೆದುಕೊಂಡರೂ ಮೂರೂವರೆ, ನಾಲ್ಕು ಕೆಜಿ ದಾಟದೆ ಸಾಮಾನ್ಯವಾಗಿ ಸರಿಯಾಗಿ ಕೂರುವುದಿಲ್ಲ. ಎಳೆಗೂಸಿನ ಕಾಲು ಬೆರಳಿನಷ್ಟು ಸಣ್ಣ, ತೊಡೆ ಹತ್ತಿರ ಸಂದಿ ಉಳಿಯುತ್ತದೆ. ನೀನು ಸೊಂಟದಲ್ಲಿ ಎಷ್ಟು ಬಿಗಿ ಮಾಡಿದರೂ ಆ ಸಂದಿ ಮುಚ್ಚುವುದಿಲ್ಲ, ಹೊಟ್ಟೆ ಮೇಲೆ ಗುರುತು ಬೀಳುತ್ತದೆ ಅಷ್ಟೇ.

ಈಗಿರುವುದರಲ್ಲಿ ಒಂದು ಸಲ ಹೀಗೆ ಮಾಡಿ ನೋಡು. ಮುಂದಿನ ಎತ್ತರದ ಬಟನ್ ಎಲ್ಲಾ ಕೆಳಗಿನ ಸಾಲಿಗೆ ಹಾಕು. ಎಲಾಸ್ಟಿಕ್ ತೊಡೆ ಮೇಲೆ ಅಲ್ಲ, ತೊಡೆ ಸಂದಿಯೊಳಗೆ ಕೂರಬೇಕು, ಚಡ್ಡಿ ಕೂರುತ್ತದಲ್ಲ ಹಾಗೆ. ಬೆರಳು ಆಡಿಸಿ ಒಳಗೆ ಸೇರಿಸು. ಗಂಡು ಮಗು ಅಲ್ವಾ, ಅದು ಕೆಳಮುಖವಾಗಿದೆಯಾ ನೋಡಿ ಮುಚ್ಚು. ಆದರೂ ಸಂದಿ ಕಂಡರೆ ಈ 12 ಎತ್ತಿಡು, ಎಸೆಯಬೇಡ, ಒಂದೆರಡು ತಿಂಗಳಲ್ಲಿ ಇವೇ ಬೇಕಾಗುತ್ತವೆ.

ಅಲ್ಲಿವರೆಗೆ ಎಳೆಗೂಸಿನ ಅಳತೆಯ ಕವರ್ ಐದಾರು, ತೆಳು ಕಾಟನ್ ಚೌಕ ಎರಡು ಡಜನ್. ದಿನಕ್ಕೆ ಹತ್ತು ಹನ್ನೆರಡು ಸಲ ಬದಲಿಸಬೇಕಾಗುತ್ತದೆ, ಲೆಕ್ಕ ಹಾಕಿಕೋ. ಚೌಕ ಬಿಚ್ಚಿದರೆ ಒಂದೇ ಪದರ, ಬೇಗ ಕೊಳೆ ಬಿಡುತ್ತದೆ, ಬೇಗ ಒಣಗುತ್ತದೆ. ಬರೀ ಉಚ್ಚೆ ಆಗಿದ್ದರೆ ಕವರ್ ಒರೆಸಿ ಗಾಳಿಗೆ ಹಾಕಿ ಮತ್ತೆ ಬಳಸಬಹುದು. ಹೊಕ್ಕುಳ ಇನ್ನೂ ಪೂರ್ತಿ ಒಣಗಿಲ್ಲದಿದ್ದರೆ ಮುಂದಿನ ಅಂಚು ಅದರ ಕೆಳಗೆ ಮಡಿಸು.

ಟಿಚ್‌ಬಟನ್
ಕವರ್ ಬಟನ್‌ದೇ ತನ್ನಿ.

ನಿದ್ದೆಗೆಟ್ಟವಳು
ನಾಲ್ಕು ದಿನ ಆಯ್ತು. ಬಟನ್ ಇಳಿಸಿ ಹಾಕಿದರೂ ಎಡಗಾಲಲ್ಲಿ ಬೆರಳು ತೂರುವಷ್ಟು ಸಂದಿ ಇತ್ತು. ಚಿಕ್ಕ ಕವರ್, ಚೌಕ ತಂದೆ (ವೆಲ್ಕ್ರೋದು, ಕ್ಷಮಿಸಿ ಟಿಚ್‌ಬಟನ್). ತೊಡೆ ಕಡೆ ಸೋರುವುದು ನಿಂತಿದೆ! ಈಗ ಬೆನ್ನ ಹಿಂದೆ ಅಂಗಿ ಒದ್ದೆಯಾಗುತ್ತಿದೆ. ಜಾಸ್ತಿ ಏನಲ್ಲ, ಒಂದು ಗೆರೆಯಷ್ಟು.

ಮೂರನೇಬಾಣಂತನ
ಒಳಗಿನ ಬಟ್ಟೆ ಅಂಚು ಕವರ್‌ನಿಂದ ಹೊರಗೆ ಇಣುಕುತ್ತಿರುತ್ತದೆ. ಬತ್ತಿ ಎಣ್ಣೆ ಎಳೆದ ಹಾಗೆ ಅಂಗಿಗೆ ಎಳೆಯುತ್ತದೆ. ಸುತ್ತಲೂ ಒಳಗೆ ತುರುಕು.

ಸೋಪುನೀರು
ಹೊಸ ಚೌಕ ಎಷ್ಟು ಸಲ ಒಗೆದಿರಿ?

ನಿದ್ದೆಗೆಟ್ಟವಳು
ಆರು. ನಿಮ್ಮ ಹೆದರಿಕೆಗೆ.

ಹೊಸಬ22
ಇಲ್ಲೇ ಕೇಳಬಹುದಾ? ನಮ್ಮದೂ ರಾತ್ರಿ ಸೋರುತ್ತದೆ. ಯಾವ ಪ್ಯಾಡ್ ಒಳ್ಳೆಯದು?

ಅವಳಿಅಪ್ಪ
ಮಗು ಎಷ್ಟು ದೊಡ್ಡದು, ಈಗ ಏನು ಹಾಕುತ್ತಿದ್ದೀರಿ? ಕೆಳಗೆ ಹೆಂಪ್ (ಸೆಣಬಿನಂಥ ನಾರಿನ ಬಟ್ಟೆ), ಮೇಲೆ ಕಾಟನ್ ಹಾಕಿ ನೋಡಿ. ಹೆಂಪ್ ನಿಧಾನಕ್ಕೆ ಹೀರುತ್ತದೆ, ಆದರೆ ಜಾಸ್ತಿ ಹಿಡಿಯುತ್ತದೆ.

ಬಿಸಿಲುಹಗ್ಗ
ರಾತ್ರಿದಕ್ಕೇ ನನ್ನ ಹತ್ತಿರ ಬೇರೆ ಒಂಬತ್ತು ಇವೆ, ಆ 46ರಲ್ಲಿ ಸೇರಿಸಿರಲಿಲ್ಲ.